ಮೂರನೆಯ ಉಪಚಾರ

ಹೋವ್‌ಲಂಡ್ ಅವರ ಮನೆಯಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ತಾವಾಗಿ ಮುಟ್ಟುತ್ತಿರಲಿಲ್ಲ. ಕೇಕಾಗಲಿ, ಹುರಿದ ಮಾಂಸವಾಗಲಿ, ಬೇಯಿಸಿದ ಆಲೂಗಡ್ಡೆಯೇ ಆಗಲಿ, ಕೊನೆಯದೊಂದು ಉಳಿಯಿತೆಂದರೆ ಅದರ ಸುತ್ತ ಉಪಚಾರ ಶುರುವಾಗುತ್ತಿತ್ತು. ಮೊದಲ ಸಲ ತಗೊಳ್ಳಿ ಎಂದರೆ ಅದು ಮರ್ಯಾದೆಗೆ, ಬೇಡ ಎನ್ನಬೇಕು. ಎರಡನೆಯ ಸಲ ಎಂದರೆ ಪ್ರೀತಿಗೆ, ಆಗಲೂ ಬೇಡ ಎನ್ನಬೇಕು. ಮೂರನೆಯ ಸಲ ಹೇಳಿದರೆ ಮಾತ್ರ ನಿಜ. ಆಗ, "ಹಾಗಾದ್ರೆ ಒಂಚೂರು ಹಾಕಿ" ಎಂದು ತಟ್ಟೆ ಮುಂದೆ ಮಾಡಬಹುದು. ನಾರ್ವೆಯಿಂದ ಬಂದ ಅಜ್ಜಂದಿರು ಹಡಗಿನಲ್ಲಿ ತಂದ ಸಾಮಾನಿನಲ್ಲಿ ಪೆಟ್ಟಿಗೆಗಳು ಮುರಿದುಹೋದವು, ಭಾಷೆ ಮರೆತುಹೋಯಿತು, ಇದೊಂದು ಮಾತ್ರ ಗಟ್ಟಿಯಾಗಿ ಉಳಿಯಿತು.

ಟಿಲ್ಡಾಳಿಗೆ ಅರವತ್ತು ವರ್ಷ. ಈ ನಿಯಮವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಉಸಿರಾಡುವುದನ್ನು ಯಾರು ಹೇಳಿಕೊಡುತ್ತಾರೆ? ಅವಳೇ ಅದನ್ನು ಅಳಿಯ ಕ್ಲೆಮ್‌ಗೆ ಹೇಳಿಕೊಡಬೇಕಾಗಿ ಬಂದಿತ್ತು. ಕ್ಲೆಮ್ ಮಿಸೌರಿ ಕಡೆಯವನು. ಮದುವೆಯಾದ ಹೊಸದರಲ್ಲಿ ಒಂದೇ ಸಲ ಕೇಳಿ, ಬೇಡ ಎಂದವರ ಮುಂದೆಯೇ ಕೊನೆಯ ತುಂಡನ್ನು ತಾನೇ ತಿಂದು ಮುಗಿಸುತ್ತಿದ್ದ. ಮಗಳು ವರ್ನಾ ಬಿದ್ದು ಬಿದ್ದು ನಗುತ್ತಿದ್ದಳು. ಟಿಲ್ಡಾಳ ಗಂಡ ಸೆವೆರಿನ್ ಮಾತ್ರ ಖಾಲಿ ತಟ್ಟೆಯನ್ನು ನೋಡಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಡನ್‌ಮೋರ್ ಊರು ಹುಟ್ಟಿದ್ದೇ ಎಂಜಿನ್ನಿನ ಬಾಯಾರಿಕೆಯಿಂದ. ಅಯೋವಾದ ಜೋಳದ ಬಯಲಿನಲ್ಲಿ ನೂರಾ ಮೂವತ್ತು ಮೈಲಿ ಓಡಿ ಬಂದ ಉಗಿ ಎಂಜಿನ್ನಿಗೆ ನೀರು ಕುಡಿಸಿ, ಕಲ್ಲಿದ್ದಲು ತುಂಬಿ, ದಣಿದ ಸಿಬ್ಬಂದಿಯನ್ನು ಇಳಿಸಿ ಬೇರೆಯವರನ್ನು ಹತ್ತಿಸಲು ರೈಲು ಕಂಪನಿ ಒಂದು ಬಾವಿ ತೋಡಿತು. ಬಾವಿಯ ಸುತ್ತ ಎಂಜಿನ್ ಶೆಡ್ಡು, ಶೆಡ್ಡಿನ ಸುತ್ತ ಮನೆ, ಮನೆಗಳ ನಡುವೆ ಒಂದೇ ಬೀದಿಯಲ್ಲಿ ಎದುರುಬದುರಾಗಿ ಎರಡು ಲೂಥರನ್ ಚರ್ಚು, ಒಂದು ನಾರ್ವೆಯವರದು, ಒಂದು ಜರ್ಮನ್ನರದು. ದೇವರು ಒಬ್ಬನೇ, ಒಲೆ ಬೇರೆ ಬೇರೆ ಎಂದು ಊರವರೇ ನಗೆಯಾಡುತ್ತಿದ್ದರು. ಶೆಡ್ಡಿನ ಶಿಳ್ಳೆಗೆ ಮಕ್ಕಳು ಏಳುತ್ತಿದ್ದರು, ಹೆಂಗಸರು ಒಲೆ ಹಚ್ಚುತ್ತಿದ್ದರು. ಈಗ ಡೀಸೆಲ್ ಬಂದಿತ್ತು. ಡೀಸೆಲ್ಲಿಗೆ ಬಾಯಾರಿಕೆಯಿಲ್ಲ.

ಸಾವಿರದ ಒಂಬೈನೂರ ಐವತ್ತೈದರ ಅಕ್ಟೋಬರ್ ಮೊದಲ ಶನಿವಾರ ಸ್ಟೇಷನ್ನಿನ ಗೋಡೆಗೆ ಕಾಗದ ಅಂಟಿಸಿದರು. ಶೆಡ್ಡು ಮುಚ್ಚುತ್ತದೆ. ದೂರದ ಗೂಡ್ಸ್ ರೈಲುಗಳು ಇನ್ನು ಡನ್‌ಮೋರಿನಲ್ಲಿ ನಿಲ್ಲುವುದಿಲ್ಲ. ಅವುಗಳ ಸಿಬ್ಬಂದಿ ಇನ್ನು ಮೇಲೆ ಗೇಲನ್ ಸಿಟಿಯಲ್ಲಿ ವಾಸಿಸಬೇಕು. ಗಾರ್ಡುಗಳ ಪೈಕಿ ಡನ್‌ಮೋರಿನಲ್ಲಿ ಉಳಿಯುವುದು ಒಂದೇ ಒಂದು ಕೆಲಸ. ಬೆಳಿಗ್ಗೆ ಏಳಕ್ಕೆ ಹೊರಟು, ಬ್ರಾಂಚ್ ಲೈನಿನ ಸಣ್ಣ ಊರುಗಳನ್ನೆಲ್ಲ ಸುತ್ತಿ, ಸಂಜೆ ಐದಕ್ಕೆ ವಾಪಸು ಬರುವ ಲೋಕಲ್ ಗೂಡ್ಸಿನದು.

ಆ ಕೆಲಸ ಇದ್ದದ್ದು ಅಳಿಯ ಕ್ಲೆಮ್‌ನ ಕೈಯಲ್ಲಿ. ಓಡಿದಷ್ಟು ಮೈಲಿಗೆ ಸಂಬಳ ಅಂತ ಹಿರಿಯರೆಲ್ಲ ದೂರದ ರೈಲುಗಳನ್ನು ಹಿಡಿದಿದ್ದರಿಂದ, ಯಾರಿಗೂ ಬೇಡವಾದ ಬ್ರಾಂಚು ಕಿರಿಯನ ಪಾಲಿಗೆ ಬಂದಿತ್ತು. ಈಗ ಅದು ಎಲ್ಲರಿಗೂ ಬೇಕಾಯಿತು. ರೈಲಿನವರ ಕಾನೂನು ಸರಳ. ಸ್ಟೇಷನ್ನಿನಲ್ಲಿ ಗಾಜಿನ ಹಿಂದೆ ಹಿರಿತನದ ಪಟ್ಟಿ ಇದೆ. ಕೆಲಸ ಹೋದ ಹಿರಿಯ, ಪಟ್ಟಿಯಲ್ಲಿ ತನಗಿಂತ ಕೆಳಗಿರುವ ಯಾರ ಕೆಲಸವನ್ನಾದರೂ ಹತ್ತು ದಿನದೊಳಗೆ ಕೇಳಿ ಪಡೆಯಬಹುದು. ಕಿರಿಯ ಎದ್ದು ಹೋಗಬೇಕು. ಇದಕ್ಕೆ ಅವರ ಬಾಯಲ್ಲಿ ತಳ್ಳುವುದು ಎಂದೇ ಹೆಸರು. ಒಮ್ಮೆ ಸಹಿ ಹಾಕಿದವನು ಮತ್ತೆ ಮನಸ್ಸು ಬದಲಾಯಿಸುವಂತಿಲ್ಲ.

ಸೆವೆರಿನ್‌ನದು ಪಟ್ಟಿಯಲ್ಲಿ ನಾಲ್ಕನೆಯ ಹೆಸರು. ಕ್ಲೆಮ್‌ನದು ಮೂವತ್ತೊಂದನೆಯದು. ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುವವರು.

ಟಿಲ್ಡಾ ಇಷ್ಟು ವರ್ಷ ದಿನಾ ಬೆಳಿಗ್ಗೆ ಎರಡು ಊಟದ ಡಬ್ಬಿ ಕಟ್ಟಿದವಳು. ಕೆಳಗೆ ತಾನೂ ಗಂಡನೂ, ಮಹಡಿಯಲ್ಲಿ ಮಗಳು, ಅಳಿಯ, ಆರು ವರ್ಷದ ಮೊಮ್ಮಗಳು ಲೋಯಿಸ್. ವರ್ನಾಳಿಗೆ ಮತ್ತೆ ಆರು ತಿಂಗಳು. ಜನವರಿಗೆ ಹೆರಿಗೆ ಎಂದು ಡಾಕ್ಟರು ಹೇಳಿದ್ದರು, ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಒರೆಸಿಯೂ ಆಗಿತ್ತು. ಕ್ಲೆಮ್‌ನನ್ನು ತಳ್ಳಿದರೆ ಅವನು ಗೇಲನ್ ಸಿಟಿಗೆ ಹೋಗಬೇಕು, ಅವನ ಹಿಂದೆ ವರ್ನಾ, ಲೋಯಿಸ್, ಹುಟ್ಟಲಿರುವ ಮಗು. ತಳ್ಳದಿದ್ದರೆ ಅರವತ್ತೆರಡರ ಸೆವೆರಿನ್ ಪಿಂಚಣಿಗೆ ಮೂರು ವರ್ಷ ಇರುವಾಗ ಅಲ್ಲಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರಬೇಕು. ಟಿಲ್ಡಾ ಎರಡನ್ನೂ ತೂಗಿ ನೋಡಿದಳು ಎಂದರೆ ಸುಳ್ಳಾಗುತ್ತದೆ. ಅವಳ ಕಣ್ಣು ತೊಟ್ಟಿಲಿನ ಮೇಲಿತ್ತು.

ಇಂಥ ಹತ್ತು ದಿನಗಳಲ್ಲಿ ಯಾರು ಏನು ಕೇಳುತ್ತಾರೆ ಎಂದು ವಿಚಾರಿಸುವುದು ಆ ಊರಿನಲ್ಲಿ ಅಸಭ್ಯತನ. ಓಟು ಯಾರಿಗೆ ಹಾಕಿದೆ ಎಂದು ಕೇಳಿದಷ್ಟೇ ತಪ್ಪು. ಅಂಗಡಿಯಲ್ಲಿ, ಚರ್ಚಿನಲ್ಲಿ ಎಲ್ಲರೂ ಜೋಳದ ಕೊಯ್ಲಿನ ಮಾತಾಡಿದರು. ಮನೆಯೊಳಗೂ ಅದೇ. ಸೆವೆರಿನ್ ಮಾತ್ರ ಒಂದು ಬೆಳಿಗ್ಗೆ ಓಟ್ಸ್ ಗಂಜಿಯಲ್ಲಿ ಚಮಚ ಆಡಿಸುತ್ತ, ಕಿಟಕಿಯಾಚೆ ನೋಡಿಕೊಂಡು, "ಬ್ರಾಂಚಲ್ಲಿ ಕೆಲಸ ಮಾಡೋನು ಐದು ಗಂಟೆಗೆಲ್ಲ ಮನೇಲಿರ್ತಾನೆ" ಎಂದ.

"ಹೌದು ಮತ್ತೆ. ಮಗು ಹುಟ್ಟಿದ್ಮೇಲೆ ಕ್ಲೆಮ್ ಹತ್ರ ಇದ್ರೆ ವರ್ನಾಗೂ ಒಂದು ಕೈ ಆಗುತ್ತೆ" ಎಂದಳು ಟಿಲ್ಡಾ.

ಸೆವೆರಿನ್ ಚಮಚ ಇಟ್ಟ. "ಹೂಂ" ಎಂದ. ಅವಳು ಗಂಜಿಯ ಪಾತ್ರೆ ಸಿಂಕಿಗೆ ಹಾಕಿದಳು.

ಗುರುವಾರ ಆಟೋ ಶ್ರಾಮ್ ಬಂದ. ಅವನೂ ಗಾರ್ಡು, ಪಟ್ಟಿಯಲ್ಲಿ ಆರನೆಯವನು, ವರ್ನಾಳ ನಾಮಕರಣದಲ್ಲಿ ಅವಳನ್ನು ಎತ್ತಿಕೊಂಡು ನಿಂತವನು. ಮೂವತ್ತು ವರ್ಷದಿಂದ ಪ್ರತಿ ಗುರುವಾರ ಸಂಜೆ ಹೋವ್‌ಲಂಡರ ಅಡುಗೆಮನೆಯಲ್ಲಿ ಇಸ್ಪೀಟು ನಡೆಯುತ್ತಿತ್ತು. ಅವನ ಹೆಂಡತಿ ಮೆಟಾ ಆಗಸ್ಟಿನಿಂದ ಬಂದಿರಲಿಲ್ಲ, ಕಾಲುನೋವು ಎಂದಿದ್ದ. ಟಿಲ್ಡಾ ಒಮ್ಮೆ ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ್ದನ್ನು ಮುಚ್ಚಳ ಹಾಕಿ ಲೋಯಿಸ್ ಕೈಯಲ್ಲಿ ಕಳಿಸಿದ್ದಳು. ತಾನು ಹೋಗಿರಲಿಲ್ಲ. ಕಾಯಿಲೆಯವರ ಮನೆಗೆ ಕರೆಯದೆ ಹೋಗುವುದು ಹೇಗೆ ಎಂದು ಸಂಕೋಚ. ಆಟೋನ ಮಗಳು ಗೇಲನ್ ಸಿಟಿಯಲ್ಲೇ ಇದ್ದಳು. ಬೇಸಿಗೆಯೆಲ್ಲ ಅವನು ಮಗಳ ಮನೆಯ ದೊಡ್ಡ ಮಹಡಿ ಕೋಣೆಯ ವರ್ಣನೆ ಮಾಡಿದ್ದರಿಂದ, ಅವನು ಅಲ್ಲಿಗೇ ಹೋಗುತ್ತಾನೆಂದು ಊರೆಲ್ಲ ತಾನೇ ತೀರ್ಮಾನ ಮಾಡಿಬಿಟ್ಟಿತ್ತು.

ಅವತ್ತು ಆಟ ಕಳೆಕಟ್ಟಲಿಲ್ಲ. ಆಟೋ ಎಲೆ ಹಾಕುವ ಮುಂಚೆ ಪ್ರತಿ ಸಲ ಸೆವೆರಿನ್‌ನ ಮುಖ ನೋಡುತ್ತಿದ್ದ. ಬ್ರಾಂಚ್ ಕಡೆ ಈ ಸಲ ಹುಲ್ಲು ಚೆನ್ನಾಗಿ ಬಂದಿದೆಯಂತೆ ಎಂದ. ಹೌದಂತೆ ಎಂದ ಸೆವೆರಿನ್. ಕ್ಲೆಮ್ ತನ್ನ ಎಲೆಗಳನ್ನು ಜೋಡಿಸಿಕೊಳ್ಳುತ್ತಲೇ ಇದ್ದ. ಟಿಲ್ಡಾ ಏಲಕ್ಕಿ ಹಾಕಿದ ಕೇಕು ತಂದಿಟ್ಟಳು. ಆಟೋ ಜರ್ಮನ್, ಮೊದಲ ಉಪಚಾರಕ್ಕೇ ಕೈ ಚಾಚಿದ. ಅವರಲ್ಲಿ ಹಾಗೇ. ಹೊರಡುವಾಗ ಟೋಪಿ ತಿರುಗಿಸುತ್ತ ಬಾಗಿಲಲ್ಲಿ ತುಸು ಹೆಚ್ಚೇ ಹೊತ್ತು ನಿಂತ. ಟಿಲ್ಡಾ ಮೆಟಾಳಿಗೆಂದು ಎರಡು ತುಂಡು ಕಾಗದದಲ್ಲಿ ಸುತ್ತಿ ಕೊಟ್ಟಳು. ಹಾಗೆ ನಿಂತಿದ್ದು ಕೇಕಿಗೆ ಎಂದೇ ಅವಳು ತಿಳಿದಿದ್ದಳು.

ಭಾನುವಾರ ಚರ್ಚು ಮುಗಿಸಿ ಬಂದು ಊಟಕ್ಕೆ ಕೂತರು. ಹುರಿದ ಹಂದಿ ಮಾಂಸ, ಹಿಸುಕಿದ ಆಲೂಗಡ್ಡೆ, ಬೀನ್ಸು. ಕ್ಲೆಮ್ ತಟ್ಟೆಯಲ್ಲಿದ್ದುದನ್ನು ಮುಗಿಸಲಿಲ್ಲ. ಕೈ ಒರೆಸಿಕೊಂಡು, ಓದಿ ಒಪ್ಪಿಸುವವನ ಹಾಗೆ ಹೇಳಿದ:

"ಮಾವ, ನಿಮ್ಮ ಹೆಸರು ಮೇಲಿದೆ. ಬ್ರಾಂಚ್ ನೀವು ತಗೊಳ್ಳಿ."

ವರ್ನಾ ಲೋಯಿಸ್‌ಳ ಮಾಂಸ ಕತ್ತರಿಸುತ್ತಿದ್ದವಳು ನಿಲ್ಲಿಸಿದಳು. ಗಂಡಹೆಂಡಿರು ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಟಿಲ್ಡಾಳಿಗೆ ಗೊತ್ತಾಯಿತು.

"ಏ, ಬೇಡಪ್ಪ. ನನಗ್ಯಾಕೆ ಬ್ರಾಂಚು" ಎಂದ ಸೆವೆರಿನ್.

"ಮೂರು ವರ್ಷ ತಾನೆ ಮಾವ. ನೀವು ರಿಟೈರಾದ್ಮೇಲೆ ನಾನೇ ವಾಪಸ್ ಬಂದು ಕೇಳ್ಕೊತೀನಿ. ನಿಮ್ಮ ಮಂಡಿಗೂ ಆ ದೂರದ ಗಾಡಿ ಆಗಲ್ಲ. ತಗೊಳ್ಳಿ."

ಇದು ಎರಡನೆಯದು. ಸೆವೆರಿನ್ ಫೋರ್ಕನ್ನು ತಟ್ಟೆಯ ಅಂಚಿಗೆ ಒರಗಿಸಿದ. ಮಂಡಿ ಚೆನ್ನಾಗೇ ಇದೆ, ಬೇಡ ಎಂದ. ಆದರೆ ಹಾಗೆನ್ನುವಾಗ ಅಳಿಯನನ್ನೇ ನೋಡುತ್ತಿದ್ದ, ಕಣ್ಣು ತೆಗೆಯಲಿಲ್ಲ. ಕ್ಲೆಮ್ ಉಸಿರೆಳೆದುಕೊಂಡ, ಬಾಯಿ ತೆರೆದ. ಹತ್ತು ವರ್ಷ ಈ ಮೇಜಿನಲ್ಲಿ ಉಂಡವನಿಗೆ ಎಷ್ಟು ಸಲ ಹೇಳಬೇಕೆಂದು ಗೊತ್ತಿತ್ತು.

ಟಿಲ್ಡಾ ಎದ್ದಳು. ಕಾಫಿ ಕೆಟಲು ಒಲೆಯ ಮೇಲಿತ್ತು, ಅದಕ್ಕೇನೂ ಅವಸರವಿರಲಿಲ್ಲ.

"ಆಯ್ತಲ್ಲ ಕ್ಲೆಮ್. ಅವರೇ ಬೇಡ ಅಂದ್ರಲ್ಲ, ಬಿಡು. ಯಾರಿಗೆ ಕಾಫಿ?" ಎಂದಳು.

ಕ್ಲೆಮ್ ಬಾಯಿ ಮುಚ್ಚಿಕೊಂಡ. ಸೆವೆರಿನ್ ತನ್ನ ಲೋಟವನ್ನು ಮುಂದಕ್ಕೆ ಸರಿಸಿದ. ಪಾತ್ರೆ ತೊಳೆಯುವಾಗ ವರ್ನಾ ಪಕ್ಕದಲ್ಲಿ ನಿಂತು ಒರೆಸುತ್ತ, ತಗ್ಗಿದ ದನಿಯಲ್ಲಿ, ಆದರೆ ಗಟ್ಟಿಯಾಗಿ ಕೇಳಿದಳು.

"ಅಪ್ಪಂಗೆ ಏನು ಬೇಕು ಅಂತ ಯಾರಾದ್ರೂ ಕೇಳಿದ್ರಾ ಅಮ್ಮ?"

"ಕೇಳಿದ್ನಲ್ಲ ನಿನ್ನ ಗಂಡ. ಬೇಡ ಅಂದ್ರು."

"ಎರಡು ಸಲ ಬೇಡ ಅಂದ್ರು."

"ನಿನಗೆ ಇಲ್ಲಿಂದ ಹೋಗೋ ಆಸೆ ಇದ್ರೆ ಹಾಗಂತ ಹೇಳು" ಎಂದಳು ಟಿಲ್ಡಾ. ಇದು ಅನ್ಯಾಯದ ಮಾತು ಎಂದು ಆಡುವಾಗಲೇ ಅವಳಿಗೆ ಗೊತ್ತಿತ್ತು. ವರ್ನಾ ತಟ್ಟೆಯನ್ನು ಒರೆಸಿದ್ದನ್ನೇ ಮತ್ತೆ ಒರೆಸಿ ಇಟ್ಟು ಮಹಡಿ ಹತ್ತಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಬಿಟ್ಟರೂ ಹೋಗುತ್ತದೆ ಎಂಬುದು ಆ ಮನೆಗೆ ತಿಳಿಯಲು ಇನ್ನೆರಡು ದಿನವಿತ್ತು.

ಹತ್ತನೆಯ ದಿನ ಮಂಗಳವಾರ, ಸಂಜೆ ಆರಕ್ಕೆ ಗಡುವು. ಸೆವೆರಿನ್ ನಾಲ್ಕು ಗಂಟೆಗೆ ಭಾನುವಾರದ ಕೋಟು ಹಾಕಿಕೊಂಡು ಹೋಗಿ ಗೇಲನ್ ಸಿಟಿಯ ದೂರದ ಗಾಡಿಗೆ ಸಹಿ ಹಾಕಿ ಬಂದ. ಟಿಲ್ಡಾ ಅವನಿಗೆ ಇಷ್ಟವೆಂದು ಅಕ್ಕಿ ಪಾಯಸಕ್ಕೆ ದಾಲ್ಚಿನ್ನಿ ಉದುರಿಸುತ್ತಿದ್ದಳು. ಶನಿವಾರ ಭಾನುವಾರ ಬಂದು ಹೋಗುತ್ತೀರಿ, ಮೂರು ವರ್ಷ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಳೆಯುತ್ತದೆ ಎಂದು ತನಗೆ ತಾನೇ ಎಂಬಂತೆ ಹೇಳಿದಳು. ಆರೂಕಾಲಿಗೆ ಕ್ಲೆಮ್ ಬಂದ. ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಟೋಪಿ ತೆಗೆಯದೆ ಕೂತ.

"ಆಟೋ ಬ್ರಾಂಚಿಗೆ ಸಹಿ ಹಾಕಿದಾನೆ. ಆರಕ್ಕೆ ಕಾಲು ಗಂಟೆ ಇದ್ದಾಗ" ಎಂದ.

ಪಾಯಸ ತಳ ಹಿಡಿಯುವ ವಾಸನೆ ಬಂತು. ಆರನೆಯ ಹೆಸರು ಮೂವತ್ತೊಂದನೆಯ ಹೆಸರನ್ನು ತಳ್ಳಿತು, ಅದರಲ್ಲಿ ತಪ್ಪೇನಿಲ್ಲ. ನಾಲ್ಕನೆಯ ಹೆಸರು ಅಲ್ಲಿ ಕೂತಿದ್ದಿದ್ದರೆ ಮಾತ್ರ ಆರನೆಯವನಿಗೆ ಅಲ್ಲಿ ಜಾಗವಿರುತ್ತಿರಲಿಲ್ಲ. ಈಗ ಸೆವೆರಿನ್ ಕೂಡ ಹೋಗಬೇಕು, ಕ್ಲೆಮ್ ಕೂಡ ಹೋಗಬೇಕು. ಇದು ಹೀಗಾಗಬಹುದು ಎಂದು ಐದು ಜನರಿದ್ದ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೋಗಿ ಕೇಳುವವರಾರು?

"ಮೂವತ್ತು ವರ್ಷ ನಮ್ಮ ಅನ್ನ ತಿಂದು" ಎಂದಳು ಟಿಲ್ಡಾ.

"ಅವನ ಹಕ್ಕು ಅದು. ನಾವು ಬಿಟ್ಟಿದ್ದನ್ನ ಅವನು ತಗೊಂಡ. ಪಾಯಸ ನೋಡು, ಸೀಯ್ತಾ ಇದೆ" ಎಂದ ಸೆವೆರಿನ್.

ನವೆಂಬರ್ ಒಳಗೆ ಮನೆ ಖಾಲಿಯಾಯಿತು. ಕ್ಲೆಮ್‌ಗೆ ಗೇಲನ್ ಸಿಟಿಯಲ್ಲಿ ಸಿಕ್ಕಿದ್ದು ಲಾಂಡ್ರಿಯ ಮೇಲಿನ ಎರಡು ಕೋಣೆ. ಸೆವೆರಿನ್ ಕೂಡ ಅಲ್ಲೇ ಸೋಫಾದ ಮೇಲೆ ಮಲಗತೊಡಗಿದ. ಟಿಲ್ಡಾಳಿಗೆ ಅಲ್ಲಿ ಚಾಪೆ ಹಾಸುವಷ್ಟೂ ಜಾಗವಿರಲಿಲ್ಲ. ಡನ್‌ಮೋರಿನ ಮನೆ ಮಾರಿ ಹೋಗೋಣವೆಂದರೆ ಅವರ ಬೀದಿಯಲ್ಲೇ ಒಂಬತ್ತು ಮನೆಗಳ ಮುಂದೆ ಮಾರಾಟದ ಬೋರ್ಡು ನಿಂತಿತ್ತು, ಕೊಳ್ಳುವವರು ಯಾರೂ ಇರಲಿಲ್ಲ. ತೊಟ್ಟಿಲನ್ನು ಬಿಚ್ಚಿ ಲಾರಿಗೆ ಹಾಕುವಾಗ ಒಂದು ಮೊಳೆ ಕಾಣೆಯಾಯಿತು. ಲೋಯಿಸ್ ಅದನ್ನು ಹುಲ್ಲಿನಲ್ಲಿ ಹುಡುಕುತ್ತ ಅತ್ತಳು. ವರ್ನಾ ಅಮ್ಮನನ್ನು ಅಪ್ಪಿಕೊಂಡಳು, ಆದರೆ ಏನೂ ಹೇಳಲಿಲ್ಲ. ಟಿಲ್ಡಾ ಆ ಏನೂ ಹೇಳದ್ದನ್ನೇ ಚಳಿಗಾಲವೆಲ್ಲ ಕೇಳಿಸಿಕೊಂಡಳು.

ಆಟೋನನ್ನು ಊರು ಬಯ್ಯಲಿಲ್ಲ. ಆ ಊರಿನಲ್ಲಿ ಬಹಿಷ್ಕಾರವೆಂದರೆ ಹವೆಯ ಮಾತು. ಚಳಿ ಜಾಸ್ತಿ ಎಂದರು, ಹಿಮ ಬೀಳಬಹುದು ಎಂದರು, ಅದರಾಚೆಗೆ ಒಂದು ಮಾತೂ ಆಡಲಿಲ್ಲ. ಗುರುವಾರದ ಇಸ್ಪೀಟು ನಿಂತಿತು. ಬೆಳಿಗ್ಗೆ ಆರೂವರೆಗೆ ಅವನು ಟಿಲ್ಡಾಳ ಅಡುಗೆಮನೆಯ ಕಿಟಕಿಯ ಮುಂದೆ ಸ್ಟೇಷನ್ನಿಗೆ ನಡೆದು ಹೋಗುತ್ತಿದ್ದ, ಕೈಯಲ್ಲಿ ಅಂಗಡಿಯ ಕಾಗದದ ಚೀಲ. ಟಿಲ್ಡಾ ಪರದೆ ಎಳೆದುಕೊಳ್ಳುತ್ತಿದ್ದಳು.

ಗಂಡನನ್ನು ಅವಳು ಈಗ ವಾರಕ್ಕೆರಡು ಸಲ ನೋಡುತ್ತಿದ್ದಳು, ನಾಲ್ಕು ಸೆಕೆಂಡಿನಷ್ಟು. ಶನಿವಾರ ಭಾನುವಾರ ಬರುವುದೆಲ್ಲ ಸುಳ್ಳಾಗಿತ್ತು, ದೂರದ ಗಾಡಿಗೆ ವಾರದ ರಜೆಯಿಲ್ಲ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಅವನ ರೈಲು ಡನ್‌ಮೋರನ್ನು ನಿಲ್ಲದೆ ಹಾದುಹೋಗುತ್ತಿತ್ತು. ಕೊನೆಯ ಕೆಂಪು ಡಬ್ಬಿಯ ಮೆಟ್ಟಿಲ ಮೇಲೆ ಸೆವೆರಿನ್ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಕೊಳೆ ಬಟ್ಟೆಯ ಗಂಟನ್ನು ತಾನು ಕಟ್ಟಿಸಿದ ಮನೆಯ ಎದುರಿನ ಕ್ರಾಸಿಂಗಿನಲ್ಲಿ ಎಸೆಯುತ್ತಿದ್ದ. ಒಗೆದ ಬಟ್ಟೆ ಬಸ್ಸಿನಲ್ಲಿ ಹೋಗುತ್ತಿತ್ತು. ಓಡುವ ರೈಲಿಗೆ ಆದೇಶದ ಚೀಟಿ ಕೊಡಲು ಸ್ಟೇಷನ್ ಮಾಸ್ತರು ಉದ್ದ ಹಿಡಿಯ ಬೆತ್ತದ ಬಳೆಯೊಂದನ್ನು ಎತ್ತಿ ಹಿಡಿಯುತ್ತಿದ್ದರು, ಗಾರ್ಡು ಅದರೊಳಗೆ ತೋಳು ತೂರಿಸಿ ಎಳೆದುಕೊಳ್ಳಬೇಕು. ಆ ಬಳೆಗೆ ಟಿಲ್ಡಾ ಕೆಲವೊಮ್ಮೆ ಮೇಣದ ಕಾಗದದಲ್ಲಿ ಸುತ್ತಿದ ಕೇಕಿನ ತುಂಡು ಕಟ್ಟುತ್ತಿದ್ದಳು. ಅದು ನಿಯಮಕ್ಕೆ ವಿರೋಧ. ಮಾಸ್ತರು ಆಗೆಲ್ಲ ಆಕಾಶ ನೋಡುತ್ತಿದ್ದರು.

ಜನವರಿಯಲ್ಲಿ ಹಿಮ ಬಿದ್ದು ಎರಡು ದಿನ ಬಸ್ಸು ನಿಂತಾಗಲೇ ವರ್ನಾಳಿಗೆ ನೋವು ಬಂತು. ಟಿಲ್ಡಾ ಚೀಲ ಕಟ್ಟಿಕೊಂಡು, ಕೋಟು ಹಾಕಿಕೊಂಡು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೇ ಇದ್ದಳು. ಫೋನಿನಲ್ಲಿ ಕ್ಲೆಮ್ ಹೆಣ್ಣು ಮಗು ಎಂದ, ಇಬ್ಬರೂ ಕ್ಷೇಮ ಎಂದ. ನಾಲ್ಕನೆಯ ದಿನ ಅವಳು ತಲುಪಿದಾಗ ಮಗುವನ್ನು ಮೊದಲು ಮೀಯಿಸಿದ್ದು, ಬಟ್ಟೆ ಸುತ್ತಿದ್ದು ಎಲ್ಲ ಪಕ್ಕದ ಮನೆಯ ಹೆಂಗಸಿಂದ ಆಗಿಹೋಗಿತ್ತು. ಮೊಳೆ ಹೋದ ಕಡೆ ತೊಟ್ಟಿಲನ್ನು ಹಗ್ಗದಲ್ಲಿ ಬಿಗಿದಿದ್ದರು.

ಫೆಬ್ರವರಿಯಲ್ಲಿ ಪಾದ್ರಿಯ ಹೆಂಡತಿ ಮಾತಿನ ನಡುವೆ, ಪಾಪ, ಮೆಟಾ ಶ್ರಾಮ್ ಇನ್ನು ಏಳುವ ಹಾಗಿಲ್ಲವಂತೆ ಎಂದಳು. ಟಿಲ್ಡಾ ಮನೆಗೆ ಬಂದು ಕೇಕು ಮಾಡಿದಳು. ಯಾಕೆ ಹೋಗುತ್ತಿದ್ದೇನೆ ಎಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಅರ್ಧ ಕನಿಕರ, ಅರ್ಧ ಜಗಳ.

ಮೆಟಾಳ ಮಂಚ ಮುಂದಿನ ಕೋಣೆಗೆ ಬಂದಿತ್ತು. ಬಲಗೈ ಹೊದಿಕೆಯ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಆಗಸ್ಟಿನಲ್ಲಿ ಆದದ್ದು ಕಾಲುನೋವಲ್ಲ, ಪಾರ್ಶ್ವವಾಯು. ಮಗಳ ಮನೆಯ ಆ ದೊಡ್ಡ ಕೋಣೆಗೆ ಇಪ್ಪತ್ತು ಮೆಟ್ಟಿಲು. ಅವಳ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಆದರೆ ಮಾತಿನ ಮೊನೆ ಹೋಗಿರಲಿಲ್ಲ.

"ಬಂದ್ಯಾ" ಎಂದಳು. "ಆರು ತಿಂಗಳಾಯ್ತು. ಕಾಯಿಲೆಯೋರೇ ಎದ್ದು ಬಂದು ಕರೀಬೇಕಿತ್ತಾ ನಿನ್ನ?"

ಟಿಲ್ಡಾ ಮಂಚದ ಪಕ್ಕ ಕೂತಳು. ಕೇಕು ಕತ್ತರಿಸಿದಳು, ತುಂಡು ಮಾಡಿ ತಿನ್ನಿಸಿದಳು, ದಿಂಬು ಸರಿಮಾಡಿದಳು. ಐದೂಕಾಲಿಗೆ ಆಟೋ ಬಂದ. ಟಿಲ್ಡಾಳನ್ನು ಕಂಡು ಬಾಗಿಲಲ್ಲೇ ನಿಂತ. ಇವತ್ತು ಚಳಿ ಕಡಿಮೆ ಎಂದ.

"ಹವೆ ಮಾತು ಸಾಕು. ಹೇಳು ಅವಳಿಗೆ" ಎಂದಳು ಮೆಟಾ ಹಾಸಿಗೆಯಿಂದ.

ಆಟೋ ಕುರ್ಚಿ ಎಳೆದುಕೊಂಡು ಕೂತ. ಒಂಬತ್ತು ದಿನ ಕಾದೆ ಎಂದ. ಸೆವೆರಿನ್ ಬ್ರಾಂಚ್ ತಗೋತಾನೆ ಅಂತಲೇ ನಂಬಿ, ಮೆಟಾಳನ್ನು ಸ್ಟ್ರೆಚರಿನಲ್ಲಿ ಸಾಗಿಸಲು ಗೇಲನ್ ಸಿಟಿಯಲ್ಲಿ ವಿಚಾರಿಸಿಯೂ ಇಟ್ಟಿದ್ದನಂತೆ.

"ಆ ಗುರುವಾರ ಬಂದಿದ್ದೇ ಅದಕ್ಕೆ ಟಿಲ್ಡಾ. ಕ್ಲೆಮ್‌ಗೆ ಬಿಟ್ಟಿದ್ದೀವಿ, ನೀನು ಕೈ ಹಾಕ್ಬೇಡ ಅಂತ ಒಂದು ಮಾತು ನಿಮ್ಮಲ್ಲಿ ಯಾರಾದ್ರೂ ಅಂದಿದ್ರೆ, ನನ್ನಾಣೆ, ನಾನು ಹಾಕ್ತಿರ್ಲಿಲ್ಲ. ನೀವು ನನಗೆ ಕೇಕ್ ಸುತ್ತಿ ಕೊಟ್ರಿ."

"ನೀವೂ ಕೇಳಬಹುದಿತ್ತು" ಎಂದಳು ಟಿಲ್ಡಾ.

"ಕೇಳಬಹುದಿತ್ತು. ಇಷ್ಟು ವರ್ಷ ನಿಮ್ಮ ಜೊತೆ ಇದ್ದು ನನಗೂ ಅದೇ ರೋಗ ಅಂಟ್ಕೊಂಡಿದೆ." ಅವನು ಬೂಟಿನ ದಾರ ಬಿಚ್ಚತೊಡಗಿದ. "ಅವತ್ತು ಸಹಿ ಹಾಕಿ ಬಂದ್ಮೇಲೆ ಸೆವೆರಿನ್ ಸ್ಟೇಷನ್ ಮೆಟ್ಟಿಲ ಮೇಲೆ ಕೂತ್ಬಿಟ್ಟ. ಕಾಲು ಗಂಟೆ. ಟೋಪಿ ಕೈಲಿ ಹಿಡ್ಕೊಂಡು. ನಾನು ಗೋಡೌನ್ ಹತ್ರ ನಿಂತು ನೋಡ್ತಿದ್ದೆ. ಬೇಡದ ಕೆಲಸ ಬಿಟ್ಟುಕೊಟ್ಟೋನ ಮುಖ ಹಾಗಿರಲ್ಲ."

ತಟ್ಟೆಯಲ್ಲಿ ಕೇಕು ಒಂದು ತುಂಡು ಉಳಿದಿತ್ತು. ಅದನ್ನು ತಗೊಳ್ಳಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಟಿಲ್ಡಾ ಏಳುತ್ತ, ನಾಳೆಯಿಂದ ಬೆಳಿಗ್ಗೆ ಡಬ್ಬಿ ಕಿಟಕಿಯಲ್ಲಿ ಇಟ್ಟಿರುತ್ತೇನೆ, ಹೋಗುವಾಗ ತಗೊಂಡು ಹೋಗಿ ಎಂದಳು. ಆಟೋ ಆಗಲಿ ಎಂದ, ಒಂದೇ ಸಲಕ್ಕೆ.

ಮರುದಿನ ಶುಕ್ರವಾರ. ಟಿಲ್ಡಾ ಕಿರಾಣಿ ಅಂಗಡಿಯ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಳು. ನಲವತ್ತು ವರ್ಷ ಜೊತೆಯಲ್ಲಿ ಬಾಳಿದ ಗಂಡನಿಗೆ ಅವಳು ಬರೆದ ಮೊದಲ ಕಾಗದ ಅದು. ಬೇರೆ ಬೇರೆ ಥರ ಬರೆದು ಹೊಡೆದುಹಾಕಿ ಕೊನೆಗೆ ಇಷ್ಟೇ ಉಳಿಸಿದಳು: "ಬ್ರಾಂಚ್ ಕೆಲಸ ನಿಮಗೆ ಬೇಕಿತ್ತೇ? ಬೇಕಿತ್ತೇ? ಮೂರನೇ ಸಲ ಕೇಳ್ತಿದ್ದೀನಿ, ಬೇಕಿತ್ತೇ?" ಕೇಕಿನ ಜೊತೆ ಮೇಣದ ಕಾಗದದಲ್ಲಿ ಸುತ್ತಿ ಬಳೆಗೆ ಕಟ್ಟಿಸಿದಳು. ಮಾಸ್ತರು ಆಕಾಶ ನೋಡಿದರು. ರೈಲು ಬಂತು, ಸೆವೆರಿನ್‌ನ ತೋಳು ಬಳೆಯನ್ನು ಎಳೆದುಕೊಂಡಿತು, ಹೋಯಿತು.

ಶನಿವಾರ, ಭಾನುವಾರ, ಸೋಮವಾರ ಅವಳು ಮನೆಯೆಲ್ಲ ಗುಡಿಸಿದಳು, ಮಹಡಿಯ ಖಾಲಿ ಕೋಣೆಯನ್ನೂ. ಬೇಡ ಅಂತ ಬರೆಯಲಿ ಎಂದು ಚರ್ಚಿನಲ್ಲಿ ಬೇಡಿಕೊಂಡಳು. ಹಾಗೆ ಬೇಡಿಕೊಂಡದ್ದಕ್ಕೆ ನಾಚಿಕೆಯಾಯಿತು.

ಮಂಗಳವಾರ ಗಂಟು ಎಂದಿನ ಹಾಗೆ ಕ್ರಾಸಿಂಗಿನ ಹಿಮದಲ್ಲಿ ಬಿತ್ತು. ಸೆವೆರಿನ್ ಕೈ ಎತ್ತಿದ, ಡಬ್ಬಿ ತಿರುವಿನಲ್ಲಿ ಮರೆಯಾಗುವ ತನಕ ಇಳಿಸಲಿಲ್ಲ. ಅವಳು ಅಡುಗೆಮನೆಗೆ ತಂದು ಗಂಟು ಬಿಚ್ಚಿದಳು. ಬಿಳಿ ಶರ್ಟಿನ ಜೇಬಿನಲ್ಲಿ ಅವಳದೇ ಚೀಟಿ ಇತ್ತು, ಕೆಳಗೆ ಅವನ ದುಂಡು ಅಕ್ಷರ.

"ಬೇಕಿತ್ತು. ಮಗು ನಗ್ತಾಳೆ ಈಗ. ಈ ಶರ್ಟಿನ ಗುಂಡಿ ಬಿದ್ದಿದೆ."

ಟಿಲ್ಡಾ ಚೀಟಿಯನ್ನು ಮೇಜಿನ ಮೇಲೆ ಅವನ ಜಾಗದಲ್ಲಿ ಇಟ್ಟಳು. ಹೊಲಿಗೆಯ ಡಬ್ಬಿ ತಂದು, ಕಿಟಕಿಯ ಬೆಳಕಿಗೆ ಕುರ್ಚಿ ತಿರುಗಿಸಿಕೊಂಡು, ಸೂಜಿಗೆ ದಾರ ಪೋಣಿಸಲು ಕೂತಳು. ಕಣ್ಣು ಮಂಜಾಗಿ ದಾರ ಮೂರು ಸಲವೂ ಹೋಗಲಿಲ್ಲ. ಮುಖ ಒರೆಸಿಕೊಂಡು ಮತ್ತೆ ಪೋಣಿಸಿದಳು.